ತೆಳು ಗೆರೆ ಎಷ್ಟು ತೆಳುವಾಗಬಹುದು?

ಸಂಗೀತ ಸಭೆಯೊಂದರ ವಾರ್ಷಿಕ ಉತ್ಸವಕ್ಕೆ ಆಹ್ವಾನ ಪತ್ರಿಕೆ, ಕಾರ್ಯಕ್ರಮದ ಕೈಪಿಡಿ ಮತ್ತು ವೇದಿಕೆಯ ಬ್ಯಾನರ್ ಮಾಡಿಕೊಡುವ ಕೆಲಸ ನನಗೆ ಬಂತು. ಎಲ್ಲವೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರಬೇಕಿತ್ತು. ಇಂಗ್ಲಿಷಿಗೆ ಪ್ಲೇಫೇರ್ ಡಿಸ್ಪ್ಲೇ ಹಾಕಿದೆ. ಡೆನ್ಮಾರ್ಕಿನ ಕ್ಲಾಸ್ ಎಗ್ಗರ್ಸ್ ಸೋರೆನ್ಸೆನ್ ರೂಪಿಸಿದ ಈ ಫಾಂಟ್ 2011ರಲ್ಲಿ ಹೊರಬಂತು. ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ನಿಂತ ಗೆರೆಗಳು ದಪ್ಪ, ಅಡ್ಡ ಗೆರೆಗಳು ಬಲು ತೆಳು. ಒಡವೆ ಅಂಗಡಿಯ ಜಾಹೀರಾತು, ಫ್ಯಾಷನ್ ಪತ್ರಿಕೆಯ ಮುಖಪುಟ, ಮದುವೆ ಕಾರ್ಡುಗಳಲ್ಲಿ ಈ ಜಾತಿಯ ಅಕ್ಷರವನ್ನು ನೀವೂ ನೋಡಿರುತ್ತೀರಿ.

ಅದರ ಕೆಳಗೆ ಕನ್ನಡಕ್ಕೆ ನೋಟೋ ಸೆರಿಫ್ ಕನ್ನಡ ಇಟ್ಟೆ. ಪುಸ್ತಕದ ಒಳಪುಟಕ್ಕೆ ನಾನು ಇಷ್ಟಪಟ್ಟು ಬಳಸುವ ಫಾಂಟ್ ಅದು. ಸಭೆಯ ಕಾರ್ಯದರ್ಶಿಗಳು ಹಿರಿಯರು. ಮಾದರಿ ನೋಡಿ ಅಂದರು: "ನೋಡಮ್ಮಾ, ಇಂಗ್ಲಿಷು ರೇಷ್ಮೆ ಉಟ್ಟು ಕಚೇರಿಗೆ ಬಂದ ಹಾಗಿದೆ. ನಮ್ಮ ಕನ್ನಡ ಮನೆ ಬಟ್ಟೆಯಲ್ಲೇ ಬಂದುಬಿಟ್ಟಿದೆ."

ಅವರು ಹೇಳಿದ್ದು ಸರಿ. ಓದುವುದಕ್ಕೆಂದು ಮಾಡಿದ ಫಾಂಟನ್ನು ತಲೆಬರಹಕ್ಕೆ ದೊಡ್ಡದು ಮಾಡಿದರೆ ಅದು ಬರೀ ದೊಡ್ಡದಾಗುತ್ತದೆ, ಅಷ್ಟೇ. ಕನ್ನಡದಲ್ಲಿ ತಲೆಬರಹದ ಫಾಂಟುಗಳು ಇಲ್ಲ ಅಂತಲ್ಲ. ಬಾಲೂ ತಮ್ಮ ಇದೆ, ದುಂಡಗೆ ತುಂಬಿಕೊಂಡ ಮುದ್ದಾದ ಅಕ್ಷರ. ಅಕಾಯ ಕನಡಕ ಇದೆ, ಅದರಲ್ಲಿ ಕೈಬರಹದ ಜೀವ ಇದೆ. ಆದರೆ ತೆಳು ಮತ್ತು ದಪ್ಪದ ನಡುವೆ ಇಷ್ಟು ದೊಡ್ಡ ಅಂತರವಿಟ್ಟು, ಮೆಲುದನಿಯಲ್ಲಿ ಗತ್ತು ತೋರಿಸುವ ಕನ್ನಡ ಅಕ್ಷರ ನನಗೆ ಬೇಕಿತ್ತು. ಮೊದಲು ಉತ್ಸವದ ಹೆಸರಿಗೆ ಬೇಕಾದ ಅಕ್ಷರಗಳನ್ನಷ್ಟೇ ಬರೆಯೋಣ ಅಂದುಕೊಂಡೆ. ರಾಗಗಳ ಹೆಸರು, ಕಲಾವಿದರ ಹೆಸರು ಎಲ್ಲಾ ಬೇಕಲ್ವಾ? ಹಾಗಾಗಿ ಪೂರ್ತಿ ಫಾಂಟನ್ನೇ ಮಾಡಲು ಕೂತೆ.

ದಪ್ಪ ಗೆರೆ ಅಕ್ಷರದ ಯಾವ ಜಾಗದಲ್ಲಿ ಬರಬೇಕು? ಇದು ಮೊದಲ ಪ್ರಶ್ನೆ, ಎಲ್ಲಕ್ಕಿಂತ ದೊಡ್ಡದೂ ಇದೇ.

ಯುರೋಪಿನಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದು ಲೇಖನಿಯ ಮೊನೆ. ಅಗಲ ಮೊನೆಯ ಲೇಖನಿಯಲ್ಲಿ ಅದನ್ನು ಹಿಡಿದ ಕೋನಕ್ಕೆ ತಕ್ಕಂತೆ ಗೆರೆ ದಪ್ಪವೋ ತೆಳುವೋ ಆಗುತ್ತದೆ. ಸೀಳಿದ ಚೂಪು ಮೊನೆಯ ಲೇಖನಿಯಲ್ಲಿ ಕೈ ಒತ್ತಿದರೆ ಮೊನೆ ಅರಳಿ ದಪ್ಪ ಗೆರೆ, ಸಡಿಲ ಬಿಟ್ಟರೆ ತೆಳು ಗೆರೆ. ಕೆಳಗೆ ಎಳೆಯುವಾಗ ಮಾತ್ರ ಒತ್ತಬಹುದು. ಮೇಲೆ ತಳ್ಳುವಾಗ ಒತ್ತಿದರೆ ಮೊನೆ ಕಾಗದಕ್ಕೆ ಚುಚ್ಚುತ್ತದೆ. ಈ ಬರಹದ ಗುಣವನ್ನು 18ನೇ ಶತಮಾನದಲ್ಲಿ ಸೀಸದ ಅಚ್ಚಿಗೆ ತಂದವರಲ್ಲಿ ಮೂರು ಹೆಸರು ದೊಡ್ಡವು. ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್ವಿಲ್, ಪ್ಯಾರಿಸ್ಸಿನ ದಿದೋ ಮನೆತನ, ಇಟಲಿಯ ಪಾರ್ಮಾದಲ್ಲಿ 1768ರಿಂದ ಅಲ್ಲಿನ ಡ್ಯೂಕನ ಮುದ್ರಣಾಲಯ ನಡೆಸಿದ ಜಾಂಬತ್ತಿಸ್ತ ಬೊದೋನಿ. ಅವರ ಅಕ್ಷರಗಳಲ್ಲಿ ನಿಂತ ಗೆರೆ ದಪ್ಪ ಅನ್ನುವುದು ಗಟ್ಟಿ ನಿಯಮವಾಯಿತು.

ಕನ್ನಡದ ದಾರಿ ಬೇರೆ. ತಾಳೆಗರಿಯ ಮೇಲೆ ಕಂಟ ಅನ್ನುವ ಲೋಹದ ಮೊನೆಯಲ್ಲಿ ಕೊರೆದರೆ ಗೆರೆ ಎಲ್ಲ ಕಡೆ ಒಂದೇ ದಪ್ಪ. ಮಸಿ ತುಂಬಿದ ಮೇಲೂ ಅಷ್ಟೇ. ಕಪ್ಪು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಬರೆದರೂ ದಪ್ಪ ತೆಳುವಿನ ಆಟ ಅಷ್ಟಾಗಿ ಇಲ್ಲ. ನಮ್ಮ ಅಕ್ಷರದ ಚೆಲುವು ಅದರ ದುಂಡಿನಲ್ಲಿದೆ. ಹಾಗಾಗಿ ಬೊದೋನಿಯ ನಿಯಮವನ್ನು ಎತ್ತಿಕೊಂಡು ಬಂದು ಕನ್ನಡದ ಮೇಲೆ ಹೊದಿಸುವುದು ನನಗೆ ಬೇಡವಾಗಿತ್ತು. ಕನ್ನಡ ಬರೆಯುವ ಕೈಗೆ ಚೂಪು ಮೊನೆ ಕೊಟ್ಟರೆ ಅದು ಎಲ್ಲಿ ಒತ್ತುತ್ತದೆ ಅಂತ ನೋಡಬೇಕಿತ್ತು.

ಶಾಯಿ ದೌತಿ, ಚೂಪು ನಿಬ್ಬು ತಂದು ವರ್ಣಮಾಲೆ ಬರೆಯಲು ಶುರುಮಾಡಿದೆ. "ರ" ಬರೆಯುವಾಗ ನನ್ನ ಕೈ ಎಡಗಡೆ ಇಳಿಯುತ್ತದೆ, ತಳ ಸುತ್ತುತ್ತದೆ, ಬಲಗಡೆ ಏರುತ್ತದೆ. ಅಂದರೆ ಎಡ ಹೊಟ್ಟೆ ದಪ್ಪ, ಬಲ ಹೊಟ್ಟೆ ತೆಳು. ಕಾಗದದ ಮೇಲೆ ಒಂದೇ ಅಕ್ಷರವಾಗಿ ನೋಡಿದರೆ ತುಂಬಾ ಚೆಂದ. ಆದರೆ "ಶಂಕರಾಭರಣ" ಅಂತ ಉದ್ದಕ್ಕೆ ಬರೆದಾಗ ಎಲ್ಲ ಅಕ್ಷರಗಳೂ ಎಡಕ್ಕೆ ವಾಲಿದಂತೆ ಕಂಡವು. ಬೊದೋನಿಯವರ ಹಾಗೆ ಎರಡೂ ಬದಿ ಸಮ ದಪ್ಪ ಮಾಡಿ ನೋಡಿದೆ. ಆಗ ಅಕ್ಷರ ನೆಟ್ಟಗೆ ನಿಂತಿತು. ಆದರೆ "ಯ", "ಝ", "ಘ"ಗಳಲ್ಲಿ ನಿಂತ ಗೆರೆಗಳು ಜಾಸ್ತಿ. ಎಲ್ಲವೂ ದಪ್ಪವಾದರೆ ಆ ಅಕ್ಷರ ಇದ್ದ ಕಡೆ ಕಪ್ಪು ಗುಡ್ಡೆ ಬಿದ್ದ ಹಾಗೆ ಕಾಣುತ್ತದೆ. ಕಡೆಗೆ ಎಡ ಹೊಟ್ಟೆಗೆ ಪೂರ್ತಿ ದಪ್ಪ, ಬಲಕ್ಕೆ ಅದರ ಮುಕ್ಕಾಲು ಅಂತ ಇಟ್ಟುಕೊಂಡೆ. "ಯ"ದಂಥ ಕಿಕ್ಕಿರಿದ ಅಕ್ಷರಗಳಲ್ಲಿ ಒಳಗಿನ ಗೆರೆಗಳನ್ನು ಇನ್ನಷ್ಟು ಇಳಿಸಿದೆ. ಕೈಯ ಅಭ್ಯಾಸವೂ ಉಳಿಯಿತು, ಅಕ್ಷರವೂ ವಾಲಲಿಲ್ಲ. ಫಾಂಟಿನ ಗುಣ ಅಂತ ಏನಾದರೂ ಇದ್ದರೆ ಅದು ಇಲ್ಲೇ ಇದೆ ಅಂತ ನನ್ನ ಭಾವನೆ.

ಆಮೇಲೆ ತಲೆಕಟ್ಟು. ನಿಂತ ಗೆರೆ ದಪ್ಪ, ಅಡ್ಡ ಗೆರೆ ತೆಳು ಅಂದರೆ ತಲೆಕಟ್ಟು ತಾನಾಗಿ ತೆಳುವಾಗುತ್ತದೆ. ಇಂಗ್ಲಿಷಿನಲ್ಲಿ ತೆಳು ಗೆರೆ ಸ್ವಲ್ಪ ಮಾಸಿದರೂ ಓದಿಗೆ ಅಷ್ಟು ನಷ್ಟವಿಲ್ಲ. ಕನ್ನಡದಲ್ಲಿ ಹಾಗಲ್ಲ. ರ, ರಿ, ರೆ ಮೂರರಲ್ಲೂ ಹೊಟ್ಟೆ ಒಂದೇ. ವ್ಯತ್ಯಾಸ ಇರುವುದು ನೆತ್ತಿಯಲ್ಲಿ. ತಲೆಕಟ್ಟು, ಗುಡಿಸು, ಎತ್ವ, ದೀರ್ಘ ಎಲ್ಲವೂ ಅಲ್ಲೇ ಮಾತಾಡುತ್ತವೆ. ಆ ಜಾಗದಲ್ಲಿ ಗೆರೆ ಮಾಸಿದರೆ ಸ್ವರವೇ ಮಾಸುತ್ತದೆ. ಅದಕ್ಕೇ ಬೇರೆ ತೆಳು ಗೆರೆಗಳು 18 ಯೂನಿಟ್ ಇದ್ದ ಕಡೆ ತಲೆಕಟ್ಟಿಗೆ 28 ಕೊಟ್ಟೆ. ಫಾಂಟಿನ ಲೆಕ್ಕದಲ್ಲಿ ಅಕ್ಷರದ ಪೂರ್ತಿ ಚೌಕಟ್ಟು 1000 ಯೂನಿಟ್. ಗುಡಿಸಿನ ಸುತ್ತು ಎಡಗಡೆ ಇಳಿಯುವಾಗ ಸ್ವಲ್ಪ ದಪ್ಪವಾಗುವ ಹಾಗೆ ಬಿಟ್ಟೆ. ನೆತ್ತಿಗೆ ಒಂದು ಹಿಡಿತ ಸಿಕ್ಕಿತು.

ತಲೆಕಟ್ಟಿನ ಬಲತುದಿಯ ಬಗ್ಗೆ ಒಂದು ಮಾತು. ಈ ಜಾತಿಯ ಇಂಗ್ಲಿಷ್ ಅಕ್ಷರಗಳಲ್ಲಿ ಕೆಲವು ಗೆರೆಗಳ ತುದಿಗೆ ದುಂಡನೆಯ ಹನಿ ಇರುತ್ತದೆ. ಸಣ್ಣ "ಎ", "ಸಿ", "ಆರ್" ನೋಡಿ. ಕನ್ನಡದ ತಲೆಕಟ್ಟಿಗೂ ಅದನ್ನು ಇಡುವ ಆಸೆ ಯಾರಿಗಾದರೂ ಬರುತ್ತದೆ. ಒಂದು ಅಕ್ಷರದಲ್ಲಿ ಚೆನ್ನ. ಆದರೆ ಬಹುತೇಕ ಪ್ರತಿ ಅಕ್ಷರಕ್ಕೂ ತಲೆಕಟ್ಟು ಉಂಟಲ್ಲ, "ಖರಹರಪ್ರಿಯ" ಅಂತ ಬರೆದರೆ ಪದದ ನೆತ್ತಿ ಮೇಲೆ ಸಾಲು ಸಾಲಾಗಿ ಚುಕ್ಕೆಗಳು ಕೂರುತ್ತವೆ. ಕಣ್ಣು ಅಕ್ಷರ ಬಿಟ್ಟು ಅದನ್ನೇ ಎಣಿಸುತ್ತದೆ. ಹಾಗಾಗಿ ತಲೆಕಟ್ಟಿನ ತುದಿಯನ್ನು ಸುಮ್ನೆ ಮೆಲ್ಲಗೆ ಚೂಪಾಗಿಸಿ ಮೇಲಕ್ಕೆ ತಿರುಗಿಸಿದೆ. ಹನಿಯನ್ನು "ಅ", "ಆ"ಗಳ ಸುಳಿಗೆ ಮತ್ತು ಇನ್ನು ಕೆಲವೇ ಜಾಗಗಳಿಗೆ ಉಳಿಸಿಕೊಂಡೆ. ಅಪರೂಪಕ್ಕೆ ಬಂದಾಗಲೇ ಅದಕ್ಕೆ ಬೆಲೆ.

ಈಗ ಒತ್ತಕ್ಷರಕ್ಕೆ ಬರುತ್ತೇನೆ. ನನ್ನ ಹೆಚ್ಚು ಸಮಯ ಹೋಗಿದ್ದು ಇಲ್ಲೇ. ತೆಳು ಗೆರೆ ಎಷ್ಟು ತೆಳುವಾಗಬಹುದು ಅನ್ನುವ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳುವುದು ಒತ್ತಕ್ಷರವೇ.

ತ, ನ, ಮ, ಯ, ರ, ಲ ಒತ್ತುಗಳಿಗೆ ತಮ್ಮದೇ ಆಕಾರ ಇದೆ. ಉಳಿದವು ಹೆಚ್ಚುಕಮ್ಮಿ ಮೂಲ ಅಕ್ಷರದ ಪುಟ್ಟ ರೂಪ, ತಲೆಕಟ್ಟು ಇಲ್ಲದ್ದು. ಸುಲಭದ ದಾರಿ ಅಂದರೆ ಮೂಲ ಅಕ್ಷರವನ್ನು ಶೇಕಡಾ 60ಕ್ಕೆ ಕುಗ್ಗಿಸುವುದು. ಎಲ್ಲ ಕಡೆ ಒಂದೇ ದಪ್ಪ ಇರುವ ಫಾಂಟಿನಲ್ಲಿ ಇದರಿಂದ ಒತ್ತು ಸ್ವಲ್ಪ ಬಡಕಲಾಗುತ್ತದೆ, ಅಷ್ಟೇ. ಇಲ್ಲಿ 18 ಯೂನಿಟ್ಟಿನ ಗೆರೆ 11ಕ್ಕೆ ಇಳಿಯುತ್ತದೆ. ಪರದೆಯ ಮೇಲೆ ಅಕ್ಷರ ಇದೆ, ಗೆರೆ ಇಲ್ಲ. ಆದ್ದರಿಂದ ಪ್ರತಿ ಒತ್ತನ್ನೂ ಹೊಸದಾಗಿ ಬರೆಯಬೇಕು. ತೆಳು ಗೆರೆ ಮೂಲದಷ್ಟೇ ಇರಬೇಕು, ಬೇಕಿದ್ದರೆ ಒಂದೆರಡು ಯೂನಿಟ್ ಹೆಚ್ಚೇ ಇರಲಿ. ದಪ್ಪ ಗೆರೆ ಮೂಲಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಪುಟ್ಟ ಹೊಟ್ಟೆಯೊಳಗೆ ಬಿಳಿ ಜಾಗವೇ ಉಳಿಯುವುದಿಲ್ಲ. ಅಂದರೆ ಒತ್ತಿನಲ್ಲಿ ತೆಳು ದಪ್ಪದ ಅಂತರ ಕಿರಿದಾಗುತ್ತದೆ. ಆದರೂ ಮೇಲಿನ ಅಕ್ಷರ ಮತ್ತು ಕೆಳಗಿನ ಒತ್ತು ಒಂದೇ ಲೇಖನಿಯಿಂದ ಬಂದ ಹಾಗೆ ಕಾಣಬೇಕು.

ಅತಿ ಕಷ್ಟದ ಪರೀಕ್ಷೆ ಬಂದಿದ್ದು "ಶುದ್ಧ ಸಾವೇರಿ"ಯಿಂದ. ಮಹಾಪ್ರಾಣಕ್ಕೆ ಹೊಟ್ಟೆ ಸೀಳಬೇಕು ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ, ಆ ಸೀಳು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ನಡುವೆ ಇರುವುದು ತಳದ ಆ ಒಂದು ಪುಟ್ಟ ಗೆರೆ ಮಾತ್ರ. "ಭೈರವಿ"ಯಲ್ಲಿ ಅದು ಮಾಸಿದರೆ "ಬೈರವಿ" ಆಗುತ್ತದೆ. ಸಂಗೀತ ಸಭೆಯ ಕೈಪಿಡಿಯಲ್ಲಿ ಅದು ನಡೆಯುವ ಮಾತಲ್ಲ. "ಶುದ್ಧ"ದಲ್ಲಿ ಆ ಸೀಳು ಒತ್ತಿನೊಳಗೆ ಕೂತಿದೆ. ಇಡೀ ಫಾಂಟಿನಲ್ಲೇ ಅತಿ ಚಿಕ್ಕ ಗೆರೆ ಅದು. ಅದು ಕಾಣುವುದಕ್ಕೆ ಎಷ್ಟು ದಪ್ಪ ಬೇಕು ಅಂತ ಮೊದಲು ಕಂಡುಕೊಂಡೆ. ಮಿಕ್ಕ ತೆಳು ಗೆರೆಗಳನ್ನೆಲ್ಲ ಅದಕ್ಕೆ ಹೊಂದಿಸುತ್ತಾ ಹೋದೆ. ದಪ್ಪವನ್ನು ಎಡಬಲಗಳಲ್ಲಿ ಇಟ್ಟಿದ್ದು ಇಲ್ಲಿ ನೆರವಿಗೆ ಬಂತು. ತಳ ತೆಳುವಾಗಿ ಇರುವುದರಿಂದ ನಿಂತ ಸೀಳನ್ನು ದಪ್ಪ ಗೆರೆಯಾಗಿಯೇ ಬರೆಯಬಹುದು. ತೆಳು ತಳದ ಮೇಲೆ ದಪ್ಪ ಸೀಳು ಎದ್ದು ಕಾಣುತ್ತದೆ.

ಒತ್ತುಗಳು ಸಾಲಾಗಿ ಬಂದಾಗಿನ ಸಮಸ್ಯೆ ಬೇರೆ. ಸ್ವಾತಂತ್ರ್ಯ, ಲಕ್ಷ್ಮಿ, ಜ್ಯೋತ್ಸ್ನಾ, ವಿಶ್ವೇಶ್ವರಯ್ಯ, ಈ ನಾಲ್ಕು ಪದಗಳನ್ನು ಪರದೆಯ ಮೂಲೆಯಲ್ಲಿ ಸದಾ ಇಟ್ಟುಕೊಂಡಿದ್ದೆ. "ಯ" ಒತ್ತು ಬಲಕ್ಕೆ ಚಾಚಿಕೊಂಡು ಮುಂದಿನ ಅಕ್ಷರದ ಕೆಳಗೆ ಹೋಗುತ್ತದೆ. ಅಲ್ಲಿ ಇನ್ನೊಂದು ಒತ್ತು ಇದ್ದರೆ ಎರಡೂ ಮುಟ್ಟಿಕೊಳ್ಳುತ್ತವೆ. ದಪ್ಪ ಫಾಂಟಿನಲ್ಲಿ ಮುಟ್ಟಿಕೊಂಡರೆ ಅಷ್ಟು ಗೊತ್ತಾಗುವುದಿಲ್ಲ. ತೆಳು ಗೆರೆಯೊಂದು ದಪ್ಪ ಗೆರೆಗೆ ತಾಗಿದರೆ ಗಾಯದ ಹಾಗೆ ಕಾಣುತ್ತದೆ. ಇಂಥ ಜೋಡಿಗಳ ಅಂತರವನ್ನು ಒಂದೊಂದಾಗಿ ಕೈಯಲ್ಲೇ ಸರಿಪಡಿಸಿದೆ. ಬೇಸರದ ಕೆಲಸ, ಆದರೆ ಅದಕ್ಕೆ ಅಡ್ಡದಾರಿ ಇಲ್ಲ. ವರ್ಣಮಾಲೆ 49 ಅಕ್ಷರ ಅಂತ ಲೆಕ್ಕ ಹೇಳುತ್ತೇವೆ. ಗುಡಿಸಿನ ರೂಪ, ಎತ್ವದ ರೂಪ, ಒತ್ತುಗಳು, ಅರ್ಕಾವೊತ್ತು, ಅಂಕಿಗಳು ಎಲ್ಲ ಸೇರಿದರೆ ಬರೆಯಬೇಕಾದ ಆಕಾರಗಳು ಕೆಲವು ನೂರು ದಾಟುತ್ತವೆ.

ಇಷ್ಟಾದ ಮೇಲೂ ಒಂದೇ ಫಾಂಟ್ ಎಲ್ಲ ಅಳತೆಗೂ ಸಾಲುವುದಿಲ್ಲ. ಲೆಕ್ಕ ನೋಡಿ. ಪಾಯಿಂಟ್ ಅಂದರೆ ಅಚ್ಚಿನ ಅಳತೆ, ಒಂದು ಇಂಚಿಗೆ 72. 18 ಯೂನಿಟ್ಟಿನ ಗೆರೆ 72 ಪಾಯಿಂಟಿನ ತಲೆಬರಹದಲ್ಲಿ ಸುಮಾರು 1.3 ಪಾಯಿಂಟ್ ದಪ್ಪ ಇರುತ್ತದೆ, ಚೆನ್ನಾಗಿ ಕಾಣುತ್ತದೆ. ಅದೇ ಫಾಂಟನ್ನು 14 ಪಾಯಿಂಟಿನಲ್ಲಿ ಬಳಸಿದರೆ ಕಾಲು ಪಾಯಿಂಟ್. ಸೀಸದ ಅಚ್ಚಿನ ಕಾಲದಲ್ಲಿ ಪ್ರತಿ ಅಳತೆಗೂ ಅಕ್ಷರವನ್ನು ಬೇರೆಬೇರೆಯಾಗಿ ಕೊರೆಯುತ್ತಿದ್ದರು. ಚಿಕ್ಕ ಅಳತೆಗೆ ತೆಳು ಗೆರೆಯನ್ನು ತಾವಾಗಿಯೇ ಸ್ವಲ್ಪ ಗಟ್ಟಿ ಮಾಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವುದು ರೂಢಿಯಾಯಿತು. 1990ರ ದಶಕದ ಆರಂಭದಲ್ಲಿ ಹಾರ್ಪರ್ಸ್ ಬಜಾರ್ ಅನ್ನುವ ಫ್ಯಾಷನ್ ಪತ್ರಿಕೆಗೆ ಅಮೆರಿಕದ ಫಾಂಟ್ ವಿನ್ಯಾಸಕ ಜೊನಾಥನ್ ಹೋಫ್ಲರ್ ದಿದೋ ಅಕ್ಷರಗಳನ್ನು ಮತ್ತೆ ರೂಪಿಸಿದಾಗ ಹಳೆಯ ಪದ್ಧತಿಗೇ ಮರಳಿದರು. 6 ಪಾಯಿಂಟಿನಿಂದ 96ರವರೆಗೆ ಏಳು ಅಳತೆಗಳಿಗೆ ಏಳು ರೂಪ ಬರೆದರು. ಯಾವ ಅಳತೆಯಲ್ಲಿ ಹಾಕಿದರೂ ತೆಳು ಗೆರೆ ಅಷ್ಟೇ ತೆಳುವಾಗಿ ಕಾಣಬೇಕು ಅನ್ನುವುದು ಅವರ ಉದ್ದೇಶ.

ನಾನು ಮೂರು ಮಾಡಿದೆ. 60 ಪಾಯಿಂಟ್ ದಾಟಿದ್ದಕ್ಕೆ 18 ಯೂನಿಟ್, 24ರಿಂದ 60ಕ್ಕೆ 28, 14ರಿಂದ 24ಕ್ಕೆ 40. ತಲೆಕಟ್ಟು ಮೂರರಲ್ಲೂ ಇದಕ್ಕಿಂತ ಒಂದು ಹಿಡಿ ಹೆಚ್ಚು. ಎರಡು ತುದಿಯ ರೂಪಗಳನ್ನು ಕೈಯಲ್ಲಿ ಬರೆದು ನಡುವಿನದನ್ನು ಸಾಫ್ಟ್‌ವೇರಿನಿಂದ ತೆಗೆಯಬಹುದು. ಆದರೆ ಎರಡರಲ್ಲೂ ಅಕ್ಷರದ ಅಂಚನ್ನು ಎಳೆಯುವ ಬಿಂದುಗಳ ಸಂಖ್ಯೆ ಮತ್ತು ಅನುಕ್ರಮ ಒಂದೇ ಇರಬೇಕು. 14 ಪಾಯಿಂಟಿಗಿಂತ ಕೆಳಗೆ ಈ ಫಾಂಟ್ ಬೇಡವೇ ಬೇಡ. ಅಲ್ಲಿಗೆ ಓದುವ ಫಾಂಟ್ ಇದೆ.

ಅಚ್ಚಿಗೆ ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋದೆ. ಕಾಗದ, ಕಾರ್ಡು, ಅಚ್ಚಿನ ಕೆಲಸಕ್ಕೆ ಹೆಸರಾದ ಜಾಗ ಅದು. ಆಹ್ವಾನ ಪತ್ರಿಕೆ ಮರೂನ್ ಬಣ್ಣದ ಕಾರ್ಡಿನ ಮೇಲೆ ಚಿನ್ನದ ಫಾಯಿಲ್ ಆಗಬೇಕು ಅಂತ ಸಭೆಯವರ ಆಸೆ. ಅವರು ಆರಿಸಿದ್ದು ತರಿತರಿಯಾದ ಕಾರ್ಡು. ಅಚ್ಚಿನ ಮನೆಯವರು ಅಕ್ಷರ ನೋಡಿದ ಕೂಡಲೇ, "ಮೇಡಂ, ಈ ಗೆರೆ ಈ ಕಾರ್ಡಲ್ಲಿ ನಿಲ್ಲಲ್ಲ" ಅಂದರು. ಬ್ಲಾಕ್ ಮಾಡಿ ಒಂದು ಕಾರ್ಡು ಒತ್ತಿ ತೋರಿಸಿಯೂ ಬಿಟ್ಟರು. ಕಾರ್ಡಿನ ತಗ್ಗು ಇದ್ದಲ್ಲೆಲ್ಲ ತಲೆಕಟ್ಟು ತುಂಡಾಗಿತ್ತು. ಫಾಯಿಲ್ ಕೂರುವುದು ಉಬ್ಬಿನ ಮೇಲೆ. ತೆಳು ಗೆರೆಗೆ ಹಿಡಿದುಕೊಳ್ಳಲು ಜಾಗವೇ ಇರಲಿಲ್ಲ.

ಬಾಸ್ಕರ್ವಿಲ್ ಅವರಿಗೂ ಎದುರಾದ ಸಂಗತಿ ಇದು. ಆಗಿನ ಕಾಗದದಲ್ಲಿ ಜಾಲರಿಯ ಗೆರೆಗಳ ಉಬ್ಬು ಇರುತ್ತಿತ್ತು. ಅವರು 1757ರಲ್ಲಿ ರೋಮನ್ ಕವಿ ವರ್ಜಿಲನ ಕಾವ್ಯ ಅಚ್ಚು ಹಾಕಿದಾಗ ಅದರ ಒಂದು ಭಾಗಕ್ಕೆ ಹೊಸ ಬಗೆಯ ನಯವಾದ ಕಾಗದ ಬಳಸಿದರು. ಅಚ್ಚಾದ ಹಾಳೆಗಳನ್ನು ಬಿಸಿ ತಾಮ್ರದ ತಗಡುಗಳ ನಡುವೆ ಒತ್ತಿ ಇನ್ನಷ್ಟು ನಯ ಮಾಡಿದರು. ಅಕ್ಷರ, ಕಾಗದ, ಶಾಯಿ ಮೂರನ್ನೂ ಒಟ್ಟಿಗೆ ಯೋಚಿಸಿದವರು ಅವರು. ನಾವೂ ನಯವಾದ ಕಾರ್ಡಿಗೆ ಬದಲಾಯಿಸಿದೆವು. ಹೆಸರು 60 ಪಾಯಿಂಟಿಗಿಂತ ದೊಡ್ಡದಿದ್ದರೂ ಫಾಯಿಲ್ ಅಂತ 28ರ ರೂಪ ಹಾಕಿದೆ. ಗೆರೆ ನಿಂತಿತು. ಮರೂನಿನ ಮೇಲೆ "ಭೈರವಿ" ಹೊಳೆಯುವುದನ್ನು ನೋಡಿ ನನಗೆ ನಿಜವಾಗಿ ಸಂತೋಷವಾಯಿತು.

ಕೈಪಿಡಿಯಲ್ಲಿ ಎರಡು ನಿಯಮ ಇಟ್ಟುಕೊಂಡೆ. ಒಳಪುಟದ ತಲೆಬರಹಗಳೆಲ್ಲ ಒಂದೇ ಕಪ್ಪು ಶಾಯಿಯಲ್ಲಿ. ನಾಲ್ಕು ಬಣ್ಣ ಬೆರೆಸಿ ಮಾಡಿದ ಕಪ್ಪಿನಲ್ಲಿ ಒಂದು ಪ್ಲೇಟು ಒಂದಿಷ್ಟು ಸರಿದರೂ ತೆಳು ಗೆರೆಗೆ ಬಣ್ಣದ ನೆರಳು ಬರುತ್ತದೆ. ಮುಖಪುಟದಲ್ಲಿ ಗಾಢ ಬಣ್ಣದ ನಡುವೆ ಬಿಳಿ ಅಕ್ಷರ ಬೇಕಿತ್ತು. ಅಲ್ಲಿ ಶಾಯಿ ಸುತ್ತಲಿಂದ ಹರಡಿ ಬಿಳಿ ಗೆರೆಯನ್ನು ನುಂಗುತ್ತದೆ. ಹಾಗಾಗಿ ಅಲ್ಲೂ ಒಂದು ಮೆಟ್ಟಿಲು ಗಟ್ಟಿ ರೂಪವೇ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ಧಾರಾಳವಾಗಿ ಬಿಟ್ಟೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಎರಡು ಸಾಲಿನ ಹೆಸರುಗಳಲ್ಲಿ ಪದ ಎಲ್ಲಿ ಒಡೆಯಬೇಕು ಅನ್ನುವುದನ್ನೂ ಒತ್ತು ನೋಡಿಯೇ ತೀರ್ಮಾನಿಸಿದೆ.

ಹೆಚ್ಚು ಜನ ಆಹ್ವಾನ ನೋಡುವುದು ಈಗ ವಾಟ್ಸಾಪಿನಲ್ಲಿ. ಅಲ್ಲಿ 48 ಪಿಕ್ಸೆಲ್ಲಿನ ಅಕ್ಷರದಲ್ಲಿ 18 ಯೂನಿಟ್ ಅಂದರೆ ಒಂದು ಪಿಕ್ಸೆಲ್ಲೂ ಇಲ್ಲ. ಗೆರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಚಿತ್ರ ಕುಗ್ಗಿದಾಗ ಇನ್ನೂ ಮಾಸುತ್ತದೆ. ಮೊಬೈಲಿನ ಆಹ್ವಾನಕ್ಕೆ ಸೀದಾ 40ರ ರೂಪ.

ಬ್ಯಾನರಿಗೆ ಮಾತ್ರ ಅತಿ ತೆಳು ರೂಪ ಬಳಸೋಣ ಅಂತ ಎಲ್ಲರಿಗೂ ಅನಿಸಿತ್ತು. ಅಷ್ಟು ದೊಡ್ಡ ಅಕ್ಷರಕ್ಕೆ ಏನು ಭಯ? ಆದರೆ ಅಳತೆ ಇರುವುದು ಕಣ್ಣಿನಲ್ಲಿ, ಬಟ್ಟೆಯಲ್ಲಲ್ಲ. ಒಂದು ಅಡಿ ಅಳತೆಯ ಅಕ್ಷರವನ್ನು 60 ಅಡಿ ದೂರದ ಕುರ್ಚಿಯಿಂದ ನೋಡಿದರೆ, ಕೈಯಲ್ಲಿ ಒಂದು ಅಡಿ ದೂರ ಹಿಡಿದ 14 ಪಾಯಿಂಟಿನ ಅಕ್ಷರದಷ್ಟೇ ಕಾಣುತ್ತದೆ. ಉತ್ಸವದ ಹೆಸರು ಮೂರು ಅಡಿ ಇತ್ತು, ಅಂದರೆ ಹಿಂದಿನ ಸಾಲಿಗೆ ಅದು 43 ಪಾಯಿಂಟ್. ಅದಕ್ಕೆ 28ರ ರೂಪ ಹಾಕಿದೆ. ಕೆಳಗಿನ ಒಂದು ಅಡಿಯ ಸಾಲಿಗೆ 40. ಹತ್ತಿರ ನಿಂತು ನೋಡಿದ ಕೆಲವರಿಗೆ ಸ್ವಲ್ಪ ಗಟ್ಟಿ ಅನಿಸಿತು. ಹಿಂದಿನ ಸಾಲಲ್ಲಿ ಕೂತವರು ಸಲೀಸಾಗಿ ಓದಿದರು.

18ರ ರೂಪ ಕೈಪಿಡಿಯ ಒಂದೇ ಪುಟದಲ್ಲಿ ಬಂದಿದೆ. ಆರ್ಟ್ ಪೇಪರಿನ ಒಳಮುಖಪುಟದಲ್ಲಿ, ಬಿಳಿ ಹಾಳೆಯ ಮೇಲೆ ಕಪ್ಪಾಗಿ, ಉತ್ಸವದ ಹೆಸರು ಮಾತ್ರ. ಈಗ ಇದಕ್ಕೊಂದು ಇನ್ನೂ ದಪ್ಪ ಗೆರೆಗಳ ರೂಪ ಬರೆಯುತ್ತಿದ್ದೇನೆ. ನಿಂತ ಗೆರೆಗಳು ಉಬ್ಬಿದಷ್ಟೂ "ಯ"ದ ಒಳಗಿನ ಬಿಳಿ ಕಿರಿದಾಗುತ್ತಿದೆ. ಅದನ್ನು ಅಗಲಿಸಿದರೆ ಪಕ್ಕದ "ರ" ಸಣ್ಣದಾಗಿ ಕಾಣುತ್ತದೆ. "ರಾಗಮಾಲಿಕೆಯ" ಅಂತ ಬರೆದು ಇಟ್ಟುಕೊಂಡು ಎರಡನ್ನೂ ಸರಿದೂಗಿಸುತ್ತಿದ್ದೇನೆ. ಅದು ಮುಗಿದ ಮೇಲೆ ನಾಲ್ಕೂ ರೂಪಗಳನ್ನು, ಯಾರು ಬೇಕಾದರೂ ಉಚಿತವಾಗಿ ಬಳಸುವ ಹಾಗೆ, ಓಪನ್ ಫಾಂಟ್ ಲೈಸೆನ್ಸಿನಲ್ಲಿ ಬಿಡುಗಡೆ ಮಾಡುವ ಯೋಚನೆ ಇದೆ.